ತಾಂಡಾ: ನಡೆಯುತ್ತಿದ್ದ ಪದ ನೆಲೆನಿಂತ ಬಗೆ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರದತ್ತ ಹೊರಟರೆ, ಊರ ಹೆಸರುಗಳ ಬಾಲಕ್ಕೆ ಅಂಟಿಕೊಂಡು ಮತ್ತೆಮತ್ತೆ ಎದುರಾಗುವ ಪದ ‘ತಾಂಡಾ’. ನಮ್ಮ ಕಿವಿಗೆ ಅದೀಗ ಲಂಬಾಣಿಗರ ಊರು. ಉತ್ತರದ ನುಡಿಗಳ ‘ಟಾಂಡಾ’ವೋ ಉಪ್ಪು, ದವಸ ಹೇರಿಕೊಂಡು ಸಾಗುವ ಎತ್ತುಗಳ ಸಾಲು, ಜೊತೆಗೆ ನಡೆಯುವ ಹೆಂಗಸರು, ಮಕ್ಕಳು, ನಾಯಿಗಳೂ ಸೇರಿದ, ಹಳಬರು ‘ಸಾರ್ಥ’ವೆಂದ ತಂಡ. ಮೊಗಲರ ದಂಡಿಗೂ ಕಂಪನಿಯ ದಂಡಿಗೂ ದಕ್ಖನ್ನಿನಲ್ಲಿ ಕಾಳುಕಡಿ ಒದಗಿಸಿದ್ದು ಇಂಥ ತಾಂಡಾಗಳೇ. 1871ರ ಹೊತ್ತಿಗೆ ಕಲಬುರಗಿಯ ಮೇಲೆ ಹಾಯ್ದ ಹಳಿ ಮುಂಬಯಿ, ಮದರಾಸುಗಳನ್ನು ಬೆಸೆಯಿತು. ಹೇರು ರೈಲು ಹತ್ತಿತು, ದಾರಿಯ ಪದ ದಿಬ್ಬದ ಮೇಲೆ ಉಳಿಯಿತು. ಆದರೂ ಪಯಣದ ಗುರುತು ಮಾಸಿಲ್ಲ: ತಾಂಡಾದ ಹಿರಿಯ ಇಂದಿಗೂ ‘ನಾಯಕ’, ಎಂದರೆ ಮುಂದೆ ನಿಂತು ಕರೆದೊಯ್ಯುವವನು.

ನಡೆದು ದಣಿದ ಪದ ಮನೆಯಾಗುವುದು ಕನ್ನಡಕ್ಕೇನು ಹೊಸತೇ? ನಮ್ಮ ‘ಬಿಡು’ ಧಾತು, ಕೆಡು ಕೇಡಾದಂತೆ, ಉದ್ದವಾಗಿ ‘ಬೀಡು’ ಆಯಿತು. ಎತ್ತು ಬಿಚ್ಚಿ ಹೇರಿಳಿಸುವ ತಂಗುದಾಣವಾಗಿ, ದಂಡಿನ ಪಾಳೆಯವಾಗಿ, ‘ಬಿಡಾರ’ವೆಂಬ ಹಗುರ ಕುಡಿಯೊಡೆದು, ಚಾಲುಕ್ಯ ಶಾಸನಗಳಲ್ಲಿ ಅರಸನ ‘ನೆಲೆವೀಡು’ ಎನಿಸಿ, ಕೊನೆಗೆ ಸಿರಿಯ ಬೀಡು, ಕಲೆಯ ಬೀಡು ಎಂದು ಭಾಷಣಗಳಲ್ಲಿ ತಳವೂರಿತು. ತಮಿಳಿನ ‘ವೀಡು’ ಅಂತೂ ಮನೆಯೂ ಹೌದು, ಮೋಕ್ಷವೂ ಹೌದು.

ಅರಸನ ಬೀಡು ನಾಲ್ಕು ದಿನದ್ದಾದರೂ ಕಲ್ಲಿನ ಮೇಲೆ ಏರಿತು. ತಲೆಮಾರುಗಳಿಂದ ಅಲ್ಲೇ ಒಲೆ ಉರಿಸಿದ ತಾಂಡಾವಾದರೋ ಕಂದಾಯದ ಕಡತಕ್ಕೆ ‘ದಾಖಲೆರಹಿತ ವಸತಿ’. ಗೋಡೆ ತಮ್ಮದು, ಗೋಡೆಯಡಿಯ ನೆಲ ಸರಕಾರದ್ದೋ ಇನ್ನೊಬ್ಬರದ್ದೋ. 2023ರ ಜನವರಿ 19ರಂದು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾದದ್ದು ಮಳಖೇಡದಲ್ಲಿ. ರಾಷ್ಟ್ರಕೂಟರ ಆ ಮಾನ್ಯಖೇಟ, ‘ಕವಿರಾಜಮಾರ್ಗ’ ರೂಪುಗೊಂಡ ಆಸ್ಥಾನದ ಊರು ಎಂಬುದು ನಮ್ಮಂಥ ಪದಮೋಹಿಗಳಿಗೆ ಒಂದು ಸಣ್ಣ ಪುಲಕ.

ಇನ್ನೊಂದು ಸೊಗಸು ನೋಡಿ. ಹಕ್ಕುಪತ್ರದ ‘ಪತ್ರ’ ಮೂಲದಲ್ಲಿ ಎಲೆ. ಸೂರಿನ ತಗಡಿಗೆ ಈ ಕಡೆಯವರು ಹೇಳುವ ‘ಪತ್ರಾಸ್’ ಕೂಡ, ಮರಾಠಿಯ ‘ಪತ್ರಾ’ದ ನಂಟಿನಿಂದ, ಅದೇ ಎಲೆ. ಮಳೆ ತಡೆಯುವ ಎಲೆ ಮೊದಲು ಬಂತು. ಎಬ್ಬಿಸಿ ಕಳಿಸುವವರನ್ನು ತಡೆಯುವ ಎಲೆ ಬರಲು ತಡವಾಯಿತು.

ಪತ್ರ ಬಂದರೂ ಹೊಟ್ಟೆ ಕೂರಗೊಡದು. ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿ, ಗಂಟುಮೂಟೆಯೊಡನೆ ಕಲಬುರಗಿ ನಿಲ್ದಾಣದಲ್ಲಿ ಇಳಿದವರನ್ನು ಎಲ್ಲಿಗೆಂದು ಕೇಳಿದರೆ, “ಹಬ್ಬಕ್ಕ ತಾಂಡಾಕ್ಕ ಹೊಂಟೀವ್ರಿ” ಎಂದಾರು. ಅಜ್ಜಂದಿರು ಯಾವ ಪದದೊಡನೆ ಊರೂರು ಅಲೆದರೋ, ಮೊಮ್ಮಕ್ಕಳು ಅದೇ ಪದಕ್ಕೆ ಮರಳುತ್ತಿದ್ದಾರೆ.