ಹಳೆಯ ಸಣ್ಣ ಬೈಕುಗಳ ಸುಸ್ಥಿತಿ ತಪಾಸಣೆ

ನೋಂದಣಿಯಾಗಿ ಹದಿನೈದು ವರ್ಷ ತುಂಬಿದ ಕಡಿಮೆ ಸಿಸಿಯ ಬೈಕು ಇನ್ನೂ ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಅಧಿಕೃತ ಕ್ರಮವೇ ಸುಸ್ಥಿತಿ ತಪಾಸಣೆ. ಆಡುಮಾತಿನಲ್ಲಿ ಇದಕ್ಕೆ ‘ಎಫ್‌ಸಿ ಮಾಡಿಸುವುದು’ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಒಳಪಡುವ ಪ್ರಮುಖ ವರ್ಗ 100 ಸಿಸಿ ಆಸುಪಾಸಿನ ಬೈಕುಗಳದು. 1985ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, 1994ರ ಹೀರೋ ಹೋಂಡಾ ಸ್ಪ್ಲೆಂಡರ್ ಈ ವರ್ಗದ ಹೆಸರಾಂತ ಬೈಕುಗಳು. ಸರಳ ರಚನೆಯ ಈ ಬೈಕುಗಳು ಸಾಮಾನ್ಯ ಮೆಕ್ಯಾನಿಕ್‌ನ ಕೈಯಲ್ಲೂ ರಿಪೇರಿಯಾಗುತ್ತವೆ. ದಶಕಗಳು ಕಳೆದರೂ ಅವು ಓಡುತ್ತಿರುವುದಕ್ಕೆ ಇದು ಮುಖ್ಯ ಕಾರಣ.

ಕಾನೂನಿನ ನೆಲೆ

1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಪತ್ರ, ಅಂದರೆ ಆರ್‌ಸಿ, 15 ವರ್ಷ ಊರ್ಜಿತವಾಗಿರುತ್ತದೆ. ಆಮೇಲೆ ಒಂದು ಸಲಕ್ಕೆ 5 ವರ್ಷದಂತೆ ನವೀಕರಿಸಿಕೊಳ್ಳಬೇಕು. ಇದಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ಬೈಕನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸಬೇಕು. ಬಾಡಿಗೆಗೆ ಓಡುವ ಆಟೊ, ಲಾರಿಗಳು ಒಂದೆರಡು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತವೆ. ಸ್ವಂತ ಬೈಕಿಗಾದರೋ ಮೊದಲ ಹದಿನೈದು ವರ್ಷ ಹೊಗೆ ತಪಾಸಣೆಯ ಹೊರತು ನಿಯಮಿತವಾದ ಬೇರೆ ಪರೀಕ್ಷೆಯಿಲ್ಲ.

ಬೇರೆ ದೇಶಗಳಲ್ಲಿ ಈ ಅಂತರ ಕಿರಿದು. ಬ್ರಿಟನ್‌ನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ‘ಎಂಒಟಿ’ ಪರೀಕ್ಷೆ ಆಗಬೇಕು. 200 ಸಿಸಿವರೆಗಿನ ಬೈಕುಗಳಿಗೆ ಅಲ್ಲಿ ಪ್ರತ್ಯೇಕ ವರ್ಗವೇ ಇದೆ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಐರೋಪ್ಯ ಒಕ್ಕೂಟದ 2014ರ ನಿರ್ದೇಶನ 2022ರಿಂದ ಬೈಕುಗಳನ್ನೂ ತಪಾಸಣೆಯ ವ್ಯಾಪ್ತಿಗೆ ತಂದಿತಾದರೂ ಅದು 125 ಸಿಸಿ ಮೀರಿದವುಗಳಿಗೆ ಮಾತ್ರ. ಸಣ್ಣ ಬೈಕುಗಳ ಪರೀಕ್ಷೆಯನ್ನು ಅದು ಆಯಾ ದೇಶಗಳ ಇಚ್ಛೆಗೆ ಬಿಟ್ಟಿದೆ.

ಪರೀಕ್ಷಿಸುವ ಅಂಶಗಳು

ಮೊದಲು ಗುರುತಿನ ಪರೀಕ್ಷೆ. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಬೈಕಿನ ಮೇಲಿರುವವುಗಳಿಗೆ ತಾಳೆಯಾಗಬೇಕು. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆಯುವುದು ರೂಢಿ. ಹಳೆಯ ಬೈಕಿನಲ್ಲಿ ತುಕ್ಕು ಹಿಡಿದು, ಇಲ್ಲವೇ ಮೇಲಿಂದ ಮೇಲೆ ಬಳಿದ ಬಣ್ಣದಲ್ಲಿ ಮುಚ್ಚಿಹೋಗಿ ಈ ಅಂಕಿಗಳು ಕಾಣದಾಗುವುದುಂಟು. ಎಂಜಿನ್ ಬದಲಾಗಿದ್ದು ದಾಖಲೆಯಲ್ಲಿ ಸೇರದಿದ್ದರೆ ತೊಡಕು ಖಚಿತ.

ಅನಂತರ ಸುರಕ್ಷತೆಯ ಭಾಗಗಳು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ದ್ವಿಚಕ್ರ ವಾಹನದ ಟೈರಿನ ತೋಡುಗಳಲ್ಲಿ ಕನಿಷ್ಠ 0.8 ಮಿ.ಮೀ. ಆಳ ಉಳಿದಿರಬೇಕು. ಹಿಂಬದಿ ಸವಾರರಿಗೆ ಹಿಡಿ, ಕಾಲಿಡುವ ಜಾಗ ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮರೆಮಾಡುವ ಕವಚ ಇರಬೇಕೆನ್ನುತ್ತದೆ 123ನೇ ನಿಯಮ. ಜನ ಸೀರೆ ಗಾರ್ಡ್ ಎನ್ನುವುದು ಇದನ್ನೇ. ಚಂದಕ್ಕೆಂದು ಇದನ್ನು ಬಿಚ್ಚಿಸಿದ ಬೈಕು ನಿಯಮ ಮೀರಿದಂತೆ. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್, ಸೈಲೆನ್ಸರ್, ನಂಬರ್ ಪ್ಲೇಟುಗಳನ್ನೂ ನೋಡಲಾಗುತ್ತದೆ.

ಮೂರನೆಯದು ಹೊಗೆ ತಪಾಸಣೆ, ಅಂದರೆ ಎಮಿಷನ್ ಟೆಸ್ಟ್. ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಸೈಲೆನ್ಸರಿನಿಂದ ಹೊರಬರುವ ಅನಿಲವನ್ನು ಯಂತ್ರ ಅಳೆಯುತ್ತದೆ. 2000ದ ಮಾರ್ಚ್ 31ಕ್ಕೆ ಮುಂಚಿನ ಬೈಕುಗಳಲ್ಲಿ ಇಂಗಾಲದ ಮಾನಾಕ್ಸೈಡ್ 4.5 ಶೇಕಡ, ಹೈಡ್ರೋಕಾರ್ಬನ್ 9000 ಪಿಪಿಎಂ ಮೀರುವಂತಿಲ್ಲ. ಅನಂತರದ ಹಳೆಯ ಬೈಕುಗಳಿಗೆ ಮಾನಾಕ್ಸೈಡಿನ ಮಿತಿ 3.5 ಶೇಕಡ, ಹೈಡ್ರೋಕಾರ್ಬನ್ ಮಿತಿ ಟು-ಸ್ಟ್ರೋಕ್ ಎಂಜಿನ್ನಿಗೆ 6000, ಫೋರ್-ಸ್ಟ್ರೋಕಿಗೆ 4500 ಪಿಪಿಎಂ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಗೆ ಹೋಗುವುದರಿಂದ ಅದಕ್ಕೆ ಸಡಿಲ ಮಿತಿ.

ವಯಸ್ಸಿನಿಂದ ಬರುವ ದೋಷಗಳು

ಈ ವರ್ಗದ ಬಹುಪಾಲು ಬೈಕುಗಳಲ್ಲಿ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಶೂ ಸವೆದಂತೆಲ್ಲ ನಟ್ಟನ್ನು ಬಿಗಿಮಾಡಿದರೆ ಪೆಡಲ್ ಮತ್ತೆ ಸರಿಯಾದಂತೆ ಅನ್ನಿಸುತ್ತದೆ. ಒಳಗಿನ ಸವೆತ ಹೊರಗೆ ತಿಳಿಯದು. ಹಲವು ಮಾದರಿಗಳಲ್ಲಿ ಬ್ರೇಕ್ ಪ್ಲೇಟಿನ ಮೇಲಿರುವ ಬಾಣದ ಗುರುತು ಮಾತ್ರ ಅದನ್ನು ತೋರಿಸುತ್ತದೆ. 2019ರಿಂದ ಹೊಸ ಬೈಕುಗಳಿಗೆ ಕಡ್ಡಾಯವಾದ ಸಿಬಿಎಸ್, ಎಬಿಎಸ್ ಬ್ರೇಕ್ ವ್ಯವಸ್ಥೆಗಳು ಇವುಗಳಲ್ಲಿಲ್ಲ. ಹಾಗಾಗಿ ಇರುವ ಬ್ರೇಕಿನ ಸ್ಥಿತಿಯೇ ಸವಾರನ ಆಸರೆ.

ಹ್ಯಾಂಡಲ್ ಬುಡದ ಕೋನ್ ಸೆಟ್ ಸವೆದರೆ ಮುಂಚಕ್ರ ಅದುರುತ್ತದೆ, ಹ್ಯಾಂಡಲ್ ನಡುವೆಯೇ ಹಿಡಿದುಕೊಳ್ಳುತ್ತದೆ. ಸ್ವಿಂಗ್ ಆರ್ಮ್ ಬುಷ್ ಸಡಿಲವಾದರೆ ತಿರುವಿನಲ್ಲಿ ಹಿಂಭಾಗ ಅಲುಗುತ್ತದೆ. ಫೋರ್ಕಿನ ಆಯಿಲ್ ಸೀಲ್ ಸೋರುವುದು, ಸ್ಪೋಕ್‌ಗಳು ಸಡಿಲವಾಗಿ ರಿಮ್ ಓರೆಯಾಗುವುದು, ಚೈನ್ ಸ್ಪ್ರಾಕೆಟ್‌ನ ಹಲ್ಲು ಚೂಪಾಗುವುದು ಇತರ ಸಾಮಾನ್ಯ ದೋಷಗಳು. ಹಳೆಯ ವೈರಿಂಗ್‌ನ ಮೇಲ್ಪದರ ಬಿರುಕು ಬಿಟ್ಟು ಮಳೆಗಾಲದಲ್ಲಿ ದೀಪಗಳು ಕೈಕೊಡುತ್ತವೆ.

ತಪಾಸಣೆಯ ವಿಶ್ವಾಸಾರ್ಹತೆ

ತಪಾಸಣೆಯ ಫಲಿತಾಂಶ ಎಷ್ಟು ನಂಬಲರ್ಹ ಎಂಬುದು ಅಳತೆಯ ವಿಧಾನವನ್ನು ಅವಲಂಬಿಸಿದೆ. ಕಣ್ಣಳತೆಯ ಪರೀಕ್ಷೆಯಲ್ಲಿ ನಿರೀಕ್ಷಕರ ಅನುಭವ, ಅವರಿಗೆ ಸಿಗುವ ಸಮಯ ಎರಡೂ ಫಲಿತಾಂಶವನ್ನು ಪ್ರಭಾವಿಸುತ್ತವೆ. ಚಕ್ರವನ್ನು ಉರುಳೆಯ ಮೇಲೆ ತಿರುಗಿಸಿ ಬ್ರೇಕಿನ ಬಲವನ್ನು ಅಳೆಯುವ ಯಂತ್ರ ಈ ವ್ಯತ್ಯಾಸವನ್ನು ತಗ್ಗಿಸುತ್ತದೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಸಂಬಂಧಿಸಿದ ವಿಧಿಗಳು 2021ರಲ್ಲಿ ಕೇಂದ್ರ ನಿಯಮಗಳಿಗೆ ಸೇರಿದ್ದು ಈ ದಿಕ್ಕಿನ ಹೆಜ್ಜೆ.

ಯಂತ್ರದ ಅಳತೆಗೂ ಮಿತಿಗಳಿವೆ. ಎಂಜಿನ್ ಬಿಸಿಯಾಗುವ ಮೊದಲೇ, ಚೋಕ್ ಎಳೆದಿರುವಾಗಲೇ ಅಳೆದರೆ ಮಾನಾಕ್ಸೈಡ್ ಹೆಚ್ಚು ಕಾಣುತ್ತದೆ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿ ಕೃತಕವಾಗಿ ಇಳಿಯುತ್ತದೆ. ಪರೀಕ್ಷೆಯ ಹೊತ್ತಿಗೆ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲಿನ ಪಾಲನ್ನು ತಗ್ಗಿಸಿ, ಬಳಿಕ ಮೊದಲಿನಂತೆ ಮಾಡಿಕೊಂಡರೆ ಪ್ರಮಾಣಪತ್ರ ರಸ್ತೆಯ ಮೇಲಿನ ಹೊಗೆಯನ್ನು ಹೇಳುವುದಿಲ್ಲ. ಎಂಜಿನ್ನಿನ ಒಳಭಾಗವನ್ನಾಗಲಿ ಬ್ರೇಕ್ ಡ್ರಮ್ಮನ್ನಾಗಲಿ ಬಿಚ್ಚಿ ನೋಡುವುದು ತಪಾಸಣೆಯ ಭಾಗವಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಕಾಲದ್ದು. ದಿನವೂ ಓಡುವ ಬೈಕಿನ ಟೈರು, ಬ್ರೇಕ್ ಶೂ, ಚೈನ್ ಸೆಟ್‌ಗಳ ಬಾಳಿಕೆ ಐದು ವರ್ಷಕ್ಕಿಂತ ಕಡಿಮೆ. ತಪಾಸಣೆಯ ದಿನ ಚೆನ್ನಾಗಿದ್ದ ಭಾಗಗಳು ಮುಂದಿನ ತಪಾಸಣೆಗೆ ಮುನ್ನವೇ ಸವೆದುಹೋಗಿರುತ್ತವೆ. ನವೀಕರಿಸಿದ ಆರ್‌ಸಿ ಬೈಕನ್ನು ಓಡಿಸಲು ಐದು ವರ್ಷದ ಪರವಾನಗಿಯೇ ಹೊರತು ಅಷ್ಟೂ ಕಾಲದ ಸುರಕ್ಷತೆಗೆ ಖಾತರಿಯಲ್ಲ. ಹಳೆಯ ಬೈಕು ಇಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಚಕ್ರ ಕಳಚಿಸಿ ಬ್ರೇಕ್ ಶೂ ನೋಡಿಸುವುದು, ಕೋನ್ ಸೆಟ್, ಬುಷ್, ಸ್ಪೋಕ್‌ಗಳನ್ನು ಪರೀಕ್ಷೆ ಮಾಡಿಸುವುದು ಅಗತ್ಯ.