ಮಾದರಿ ಮೊಬೈಲ್ ಆ್ಯಪ್, ಪಾವತಿಸಹಿತ

ನೈಜ ಹಣದ ವಿನಿಮಯವಿಲ್ಲದೆ, ಸರಕಿನ ಆಯ್ಕೆಯಿಂದ ಹಣಸಂದಾಯದವರೆಗಿನ ಸಮಸ್ತ ವ್ಯವಹಾರಕ್ರಮವನ್ನು ಪರೀಕ್ಷಿಸುವ ಸಲುವಾಗಿ ರಚಿಸುವ ಪ್ರಾಯೋಗಿಕ ತಂತ್ರಾಂಶ. ಭೌಗೋಳಿಕ ಸೂಚಕ ಮನ್ನಣೆ ಪಡೆದಿರುವ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿ ನಗರದ ಗ್ರಾಹಕನಿಗೆ ಮಾರುವ ಆ್ಯಪೊಂದನ್ನು ಉದಾಹರಣೆಗಾಗಿ ಕಲ್ಪಿಸಿ, ಡಜನ್ನಿಗೆ 150 ರೂಪಾಯಿ ಎಂದಿಟ್ಟುಕೊಂಡರೆ, ವರ್ತಕನ ಸರ್ವರ್ ಆ ಮೊತ್ತವನ್ನು ಪೈಸೆಗಳಲ್ಲಿ, ಅರ್ಥಾತ್ 15000 ಎಂದು, ಬೆಂಗಳೂರಿನ ರೇಜರ್‌ಪೇಯಂಥ ಪಾವತಿಸಂಸ್ಥೆಗೆ ತಿಳಿಸಿ ಆರ್ಡರ್ ಸಂಖ್ಯೆಯನ್ನು ಪಡೆಯುತ್ತದೆ; ಆ ಸಂಖ್ಯೆಯೊಡನೆ ಆ್ಯಪಿನಲ್ಲಿ ತೆರೆದುಕೊಳ್ಳುವ ಪಾವತಿಪುಟದಲ್ಲಿ ಗ್ರಾಹಕನು ಕಾರ್ಡನ್ನೋ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಬಳಕೆಗೆ ತಂದ ಯುಪಿಐಯನ್ನೋ ಆರಿಸಿಕೊಳ್ಳುವನು. ಪೈಸೆಯ ಈ ಲೆಕ್ಕವನ್ನು ಮರೆತು 150 ಎಂದೇ ನಮೂದಿಸಿದವನ ಡಜನ್ ಹಣ್ಣು ಒಂದೂವರೆ ರೂಪಾಯಿಗೆ ಬಿಕರಿಯಾಗುವುದು!

ಸಂದಾಯವು ಸಫಲವಾಯಿತೆಂಬ ಆ್ಯಪಿನ ಮಾತೊಂದನ್ನೇ ನಂಬತಕ್ಕದ್ದಲ್ಲ. ಆರ್ಡರ್ ಸಂಖ್ಯೆ ಹಾಗೂ ಪಾವತಿ ಸಂಖ್ಯೆಗಳಿಂದ, ಪಾವತಿಸಂಸ್ಥೆಯು ವರ್ತಕನಿಗೆ ಕೊಟ್ಟಿರುವ ಗುಪ್ತಕೀಲಿಯ ನೆರವಿನಿಂದ ನಿಷ್ಪನ್ನವಾದ ಡಿಜಿಟಲ್ ಸಹಿಯನ್ನು ಸರ್ವರಿನಲ್ಲಿಯೇ ತಾಳೆನೋಡಿದ ತರುವಾಯವೇ ಆರ್ಡರನ್ನು ಸ್ಥಿರಪಡಿಸುವುದು ಯುಕ್ತ. ಗುಪ್ತಕೀಲಿಯನ್ನು ಆ್ಯಪಿನೊಳಗೇ ಹುದುಗಿಸಿಡುವುದು, ಮಾದರಿಯೆಂಬ ನೆಪವಿದ್ದರೂ, ಅಕ್ಷಮ್ಯ. ಪರೀಕ್ಷಾವಸ್ಥೆಯಲ್ಲಿ ಯಾರ ಖಾತೆಯಿಂದಲೂ ಹಣ ಕಡಿತವಾಗದು. ನೈಜ ವ್ಯವಹಾರಕ್ಕೆ ವರ್ತಕನು ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನೊಪ್ಪಿಸಿ, ಅನುಮೋದನೆಯಾದ ಮೇಲೆ ಬೇರೆಯೇ ಕೀಲಿಗಳನ್ನು ಪಡೆಯಬೇಕು.