ಮಂಕುಗಣ್ಣಿನ ಹಾವು ಮತ್ತು ಸಾಕುವ ಕೈ

ಪೊರೆ ಬಿಡುವ ಕಾಲ ಹತ್ತಿರವಾದಾಗ ಹಾವಿನ ಮೈ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದಂಥ ನೀಲಿಗೆ ತಿರುಗುತ್ತದೆ. ಹಳೆಯ ಚರ್ಮಕ್ಕೂ ಅದರಡಿ ಬೆಳೆದ ಹೊಸ ಚರ್ಮಕ್ಕೂ ನಡುವೆ ದ್ರವ ಸೇರುವುದೇ ಕಾರಣ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವ ಗಾಜಿನಂಥ ಹುರುಪೆಯೂ ಪೊರೆಯ ಜತೆಗೇ ಕಳಚಬೇಕು. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಆಮೇಲೆ ಹಾವು ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜಿ, ತುಟಿಯಂಚಿನಲ್ಲಿ ಪೊರೆ ಬಿಡಿಸಿಕೊಂಡು, ಕಾಲುಚೀಲ ಒಳಮಗುಚಿ ತೆಗೆದಂತೆ ಅದರಿಂದ ಹೊರಬರುತ್ತದೆ. ಹುರುಪೆಗಳ ನಡುವಿನ ಮಡಿಕೆಗಳೂ ಬಿಚ್ಚಿಕೊಳ್ಳುವುದರಿಂದ ಬಿಟ್ಟ ಪೊರೆ ಹಾವಿಗಿಂತ ಉದ್ದವಿರುತ್ತದೆ. ಬೇಲಿಯಲ್ಲಿ ಸಿಕ್ಕ ಪೊರೆ ಹಿಡಿದು ಹಾವಿನ ಅಳತೆ ಹೇಳುವವರ ಲೆಕ್ಕದಲ್ಲಿ ಒಂದಿಷ್ಟು ಕಳೆಯಬೇಕು.

ಬೃಹದಾರಣ್ಯಕ ಉಪನಿಷತ್ತು ಹುತ್ತದ ಮೇಲೆ ಬಿದ್ದ ಪೊರೆಯನ್ನು ಆತ್ಮ ತೊರೆದ ದೇಹಕ್ಕೆ ಹೋಲಿಸಿತು. ಗ್ರೀಸಿನ ಅರಿಸ್ಟಾಟಲ್ ಪೊರೆ ಕಣ್ಣಿನಿಂದ ಶುರುವಾಗುತ್ತದೆಂದೂ, ತಿಳಿಯದವರು ಹಾವು ಕುರುಡಾಯಿತೆಂದು ಭಾವಿಸುತ್ತಾರೆಂದೂ ಬರೆದ. ಇದೆಲ್ಲ ಬಯಲಿನ ಹಾವಿನ ಮಾತು. ಹಾವನ್ನು ಪೆಟ್ಟಿಗೆಯಲ್ಲಿಟ್ಟವರು ಇದೇ ಪಾಠವನ್ನು ಪೆಟ್ಟು ತಿಂದು ಕಲಿತರು.

ಲಂಡನ್ ಟವರ್‌ನಲ್ಲಿ ಹಿಂದೆ ಅರಸರ ಪ್ರಾಣಿಸಂಗ್ರಹವಿತ್ತು. ಅದರ ಪಾಲಕ ಆಲ್ಫ್ರೆಡ್ ಕಾಪ್ಸ್ ಒಂದು ದಿನ ದೊಡ್ಡ ಹೆಬ್ಬಾವಿನ ಮುಂದೆ ಕೋಳಿ ಹಿಡಿದ. ಹಾವು ಪೊರೆ ಬಿಡುವ ಹೊತ್ತು; ಕಣ್ಣು ಸರಿಯಾಗಿ ಕಾಣದು. ಎಗರಿದ್ದು ಕೋಳಿಗೆ, ಕಚ್ಚಿದ್ದು ಕಾಪ್ಸ್‌ನ ಎಡಗೈ ಹೆಬ್ಬೆರಳನ್ನು. ಮರುಗಳಿಗೆಯಲ್ಲಿ ತೋಳು, ಕುತ್ತಿಗೆಗೆ ಸುರುಳಿ ಬಿದ್ದಿತು. ಸಹಾಯಕರಿಬ್ಬರು ಓಡಿಬಂದು, ಹಾವಿನ ಹಲ್ಲು ಮುರಿದು ಅವನನ್ನು ಬಿಡಿಸಿದರು. ನಿಸರ್ಗಪ್ರೇಮಿ ವಿಲಿಯಂ ಬ್ರೊಡರಿಪ್ 1826ರಲ್ಲಿ ಇದನ್ನು ಬರೆದಿಟ್ಟ. ಪೊರೆಗಾಲದ ಹಾವಿಗೆ ಊಟ ಕೊಡಬಾರದು, ಕೈ ಹಾಕಬಾರದು ಎಂಬ ಇಂದಿನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1849ರಲ್ಲಿ ಲಂಡನ್ ಮೃಗಾಲಯ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಚಳಿಗೆಂದು ಹಾವುಗಳಿಗೆ ಕಂಬಳಿ ಕೊಡುತ್ತಿದ್ದರು. 1851ರಲ್ಲಿ ಒಂದು ಹೆಬ್ಬಾವು ಆ ಕಂಬಳಿಯನ್ನೇ ನುಂಗಿ ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಕೊನೆಗೆ ಕಕ್ಕಿತು. ಬೆಚ್ಚಗಿಡುವುದೊಂದೇ ಆರೈಕೆ ಎಂದುಕೊಂಡಿದ್ದ ಕಾಲವದು. 1927ರಲ್ಲಿ ಜೋನ್ ಪ್ರೊಕ್ಟರ್ ರೂಪಿಸಿದ ಹೊಸ ಸರೀಸೃಪ ಗೃಹದಲ್ಲಿ ವಿದ್ಯುತ್ ಶಾಖ ಬಂತು. ಆದರೆ ಬರೀ ಶಾಖ ಗಾಳಿಯನ್ನು ಒಣಗಿಸುತ್ತದೆ, ಒಣ ಗಾಳಿಯಲ್ಲಿ ಪೊರೆ ತುಂಡುತುಂಡಾಗಿ ಮೈಗೇ ಅಂಟಿಕೊಳ್ಳುತ್ತದೆ. ಪೊರೆ ಒಳಗೆ ಹೇಗೆ ಸಿದ್ಧವಾಗುತ್ತದೆಂಬುದು ತಿಳಿದದ್ದು ಆಮೇಲೆ: 1965ರಲ್ಲಿ ಜೀವವಿಜ್ಞಾನಿ ಪಾಲ್ ಮ್ಯಾಡರ್ಸನ್ ಚರ್ಮದೊಳಗಿನ ಪೊರೆಯ ಚಕ್ರವನ್ನು ಸೂಕ್ಷ್ಮದರ್ಶಕದಡಿ ಆರು ಹಂತಗಳಾಗಿ ವಿಂಗಡಿಸಿದ.

ನಮ್ಮ ಹಾವಾಡಿಗರ ಬಿದಿರುಬುಟ್ಟಿಯಲ್ಲೂ ಕೊರತೆ ನೀರಿನದೇ. ನಾಗರಪಂಚಮಿಯಂದು ಹಾವು ಹಾಲು ಕುಡಿಯುವುದು ಭಕ್ತಿಗೆ ಒಲಿದಲ್ಲ. ದಿನಗಟ್ಟಲೆ ಬಾಯಾರಿಸಿಟ್ಟ ಹಾವು ಎದುರಿಗೆ ಬಂದ ದ್ರವವನ್ನು ಹೀರುತ್ತದೆ. ಹಾಗೆ ಒಣಗಿದ ಹಾವಿನ ಪೊರೆ ಸಲೀಸಾಗಿ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಾಗರಹಾವನ್ನು ಹಿಡಿದು ಬುಟ್ಟಿಯಲ್ಲಿಡುವುದೇ ಅಪರಾಧವಾಯಿತು.

ಅಮೆರಿಕ, ಯುರೋಪಿನ ಮನೆಗಳಲ್ಲಿ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಸಾಕುವವರು ಈಗ ಗೂಡಿನ ಮೂಲೆಯಲ್ಲಿ ಒದ್ದೆ ಪಾಚಿ ತುಂಬಿದ ಡಬ್ಬಿ ಇಡುತ್ತಾರೆ. ಮೂತಿ ಉಜ್ಜಲು ಒಂದು ಒರಟು ಕಲ್ಲು, ಸುರುಳಿ ಸುತ್ತಿ ಮುಳುಗುವಷ್ಟು ನೀರಿನ ಬೋಗುಣಿ ಇದ್ದರೆ ಉಳಿದದ್ದನ್ನು ಹಾವೇ ಮಾಡಿಕೊಳ್ಳುತ್ತದೆ. ಪೊರೆ ಬಿಟ್ಟ ಮೇಲೆ ಅದನ್ನು ಬಿಡಿಸಿ ನೋಡುವುದು ವಾಡಿಕೆ: ಕಣ್ಣಿನ ಎರಡು ಮುಚ್ಚಳ, ಬಾಲದ ತುದಿ, ಮೂರೂ ಇರಬೇಕು. ಬಾಲದಲ್ಲಿ ಉಂಗುರದಂತೆ ಉಳಿದ ಪೊರೆ ರಕ್ತ ತಡೆದು ತುದಿಯನ್ನೇ ಕೊಳೆಸೀತು. ಕಣ್ಣಿನ ಮುಚ್ಚಳ ಉಳಿದರೆ ಚಿಮಟದಿಂದ ಕೀಳಹೋಗಿ ಕಣ್ಣನ್ನೇ ಕಳೆಯುವ ಅಪಾಯವಿದೆ. ಅದು ಪಶುವೈದ್ಯರ ಕೆಲಸ; ಎಷ್ಟೋ ಸಲ ಮುಂದಿನ ಪೊರೆಯೊಡನೆ ತಾನೇ ಬರುತ್ತದೆ.

ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ, 1978ರಲ್ಲಿ ಹುಟ್ಟಿದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ ವಿಷಕ್ಕಾಗಿ ತಂದ ಹಾವುಗಳನ್ನು ಮಣ್ಣಿನ ಮಡಕೆಗಳಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತದೆ. ಕೆಲವು ವಾರಗಳಲ್ಲಿ ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತದೆ. ಅದೇ ಹಾವು ಬೇಗನೆ ಮತ್ತೆ ಹಿಡಿಗೆ ಸಿಕ್ಕದಂತೆ ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿರುತ್ತಾರೆ. ಕೆಲವು ಪೊರೆ ಕಳೆಯುವಷ್ಟರಲ್ಲಿ ಆ ಗುರುತು ಮಾಯವಾಗಿರುತ್ತದೆ.